ನನ್ನ ಹೆಂಡತಿಯ ಬಿಷಪ್ಪು

ಈ ಜನ್ಮದಲ್ಲಿ ನನಗೆ ನಿಜವಾದ ಹೊಟ್ಟೆಕಿಚ್ಚು ಹುಟ್ಟಿಸಿದ ಗಂಡಸು ಒಬ್ಬನೇ. ಅವನು ಸತ್ತು ಸಾವಿರದ ಮುನ್ನೂರು ವರ್ಷದ ಮೇಲಾಯಿತು. ಐರ್ಲೆಂಡಿನ ಸಂನ್ಯಾಸಿ, ಆಮೇಲೆ ಬಿಷಪ್ಪು. ಪಕ್ಕದ ತೋಟದವನ ಹಣ್ಣು ನನ್ನದಕ್ಕಿಂತ ಮೊದಲು ಲಾರಿ ಹತ್ತಿದಾಗಲೂ, ಷಡ್ಡಕ ದೊಡ್ಡ ಕಾರು ತಂದು ನಮ್ಮ ಮನೆಯ ಮುಂದೆಯೇ ನಿಲ್ಲಿಸಿದಾಗಲೂ ನಾನು ಉಂಡು ಮಲಗಿ ಗೊರಕೆ ಹೊಡೆದವನು. ಈ ಮನುಷ್ಯನ ವಿಷಯದಲ್ಲಿ ಮಾತ್ರ ಆಗಲಿಲ್ಲ. ಈಗಲೂ ಅವನ ಮಾತು ಎತ್ತಿದರೆ ನನ್ನ ಮೈಯೆಲ್ಲ ಮೆಣಸಿನಕಾಯಿ ಅರೆದು ಹಚ್ಚಿದಂತೆ ಉರಿಯುತ್ತದೆ.

ನಾನು ಕಂಬಂ ಕಣಿವೆಯಲ್ಲಿ ದ್ರಾಕ್ಷಿ ಬೆಳೆಯುವವನು. ನಮ್ಮ ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ನಮ್ಮ ಹಿರಿಯರು ಯಾವ ಕಾಲದಲ್ಲೋ ದನ ಹೊಡೆದುಕೊಂಡು ಈ ಘಟ್ಟದ ಬುಡಕ್ಕೆ ಬಂದವರು. ನಾವು ಆಡುವ ಕನ್ನಡಕ್ಕೆ ಅಕ್ಷರವಿಲ್ಲ. ನಾನು ಓದಲು ಬರೆಯಲು ಕಲಿತದ್ದು ಚಿಕ್ಕ ವಯಸ್ಸಿನಲ್ಲಿ ಹಣ್ಣಿನ ಲಾರಿಯ ಜೊತೆ ಮೈಸೂರಿನ ಮಂಡಿಗೆ ಹೋಗಿ ಬರುತ್ತಿದ್ದಾಗ, ಅಂಗಡಿಯ ಬೋರ್ಡು ನೋಡಿ, ಹಳೆಯ ಪೇಪರು ಓದಿ. ಬಿಷಪ್ಪಿನ ಬಗ್ಗೆ ನನ್ನ ಹೆಂಡತಿ ಇಂಗ್ಲಿಷಿನಲ್ಲಿ ನಾನೂರು ಪುಟ ಬರೆದಿದ್ದಾಳೆ. ಅಲ್ಲಿ ಅವಳ ಜೊತೆ ಕುಸ್ತಿಗೆ ಇಳಿಯುವ ತಾಕತ್ತು ನನಗಿಲ್ಲ. ಆದ್ದರಿಂದ ನನ್ನ ಕಡೆಯ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವಳು ನನ್ನ ಸೋದರಮಾವನ ಮಗಳೇ. ನಿಲಕ್ಕೋಟ್ಟೈ ಹತ್ತಿರ ಮಲ್ಲಿಗೆ ಬೆಳೆಯುವ ಮನೆಯಿಂದ ಬಂದವಳು. ನಮ್ಮ ಕಡೆಯ ಹೆಂಗಸರ ಹಾಗೆ ನನ್ನನ್ನು ಮಾಮ ಎನ್ನುತ್ತಾಳೆ. ದಿಂಡಿಗಲ್ಲಿನ ಒಂದು ಕಾಲೇಜಿನಲ್ಲಿ ಚರಿತ್ರೆಯ ಪಾಠ ಹೇಳುತ್ತಿದ್ದಳು. ವಾರವೆಲ್ಲ ಅಲ್ಲೇ, ಬೀಗ ಮಾಡುವವರ ಬೀದಿಯಲ್ಲಿ ಮಹಡಿಯ ಮೇಲೊಂದು ಪೋರ್ಷನ್ನು. ಶನಿವಾರ ಮಧ್ಯಾಹ್ನ ಬಸ್ಸು ಹತ್ತಿದರೆ ವತ್ತಲಗುಂಡು, ತೇನಿ ದಾಟಿ ದೀಪ ಹಚ್ಚುವ ಹೊತ್ತಿಗೆ ಮನೆಗೆ ಬರುತ್ತಿದ್ದಳು. ಸೋಮವಾರ ಬೆಳಕು ಹರಿಯುವ ಮೊದಲೇ ಮತ್ತೆ ಬಸ್ಸು. ಮಗಳ ಮದುವೆ ಮುಗಿದ ವರ್ಷ ನಾವಿಬ್ಬರೂ ಒಂದು ಒಪ್ಪಂದಕ್ಕೆ ಬಂದೆವು. ಅವಳು ಡಾಕ್ಟರೇಟು ಮಾಡಬೇಕು, ಅದು ಮುಗಿದ ಕೂಡಲೇ ಕಣಿವೆಯ ಕಾಲೇಜಿಗೇ ಬದಲಾಗಿ ಮನೆಗೆ ಬಂದುಬಿಡಬೇಕು. ಆಮೇಲೆ ಬಸ್ಸೂ ಇಲ್ಲ, ಪೋರ್ಷನ್ನೂ ಇಲ್ಲ. ನಾನು ಬೇಗ ಒಪ್ಪಿದೆ. ಡಾಕ್ಟರೇಟು ಎಂದರೆ ಎರಡು ಕವಾತಿನಷ್ಟು ಕಾಲ, ಅಂದರೆ ಬಳ್ಳಿಯನ್ನು ಎರಡು ಸಲ ಕತ್ತರಿಸಿ ಎರಡು ಸಲ ಹಣ್ಣು ಕೊಯ್ಯುವಷ್ಟು ಕಾಲ ಎಂದುಕೊಂಡಿದ್ದೆ. ಅವಳ ಗೈಡು ಎಲ್ಲೆಲ್ಲೂ ಹುಡುಕಿ ಆ ಬಿಷಪ್ಪನ್ನು ತಂದು ಅವಳ ಮೇಜಿನ ಮೇಲೆ ಕೂರಿಸಿದ್ದು ಆಮೇಲೆ.

ಕೂತವನು ಏಳಲೇ ಇಲ್ಲ. ಶನಿವಾರ ಊಟಕ್ಕೆ ಕೂತರೆ ನಮ್ಮ ಮಧ್ಯೆ ಅವನಿಗೂ ಒಂದು ಎಲೆ ಹಾಕಿದಂತಿರುತ್ತಿತ್ತು. ಅವನು ಕುದುರೆ ಏರುತ್ತಿರಲಿಲ್ಲವಂತೆ. ಊರಿಂದ ಊರಿಗೆ ಕಾಲ್ನಡಿಗೆಯಲ್ಲೇ ಹೋಗಿ, ದಾರಿಯಲ್ಲಿ ಸಿಕ್ಕ ಬಡವನನ್ನೂ ಸಾಹುಕಾರನನ್ನೂ ಒಂದೇ ಸಮ ನಿಂತು ಮಾತಾಡಿಸುತ್ತಿದ್ದನಂತೆ. ರಾಜನ ಮನೆಯ ಊಟಕ್ಕೆ ಕರೆದರೆ ನಾಲ್ಕು ತುತ್ತು ತಿಂದು ಎದ್ದು ಜಪಕ್ಕೆ ಹೊರಟುಬಿಡುತ್ತಿದ್ದನಂತೆ. ಇದನ್ನು ಅವಳು ಹೇಳುತ್ತಿದ್ದುದು ನಾನು ಮೂರನೆಯ ಮುದ್ದೆಗೆ ಸಾರು ಬಿಡಿಸಿಕೊಳ್ಳುವಾಗ. ನನ್ನ ಬೆರಳು ಸಾರಿನಲ್ಲೇ ನಿಂತವು.

"ನಾಲ್ಕು ತುತ್ತಿಗೆ ಏಳೋನು ಯಾಕೆ ಊಟಕ್ಕೆ ಹೋಗ್ಬೇಕಾಗಿತ್ತು? ಮನೇಲೇ ಇರ್ಬೋದಾಗಿತ್ತಲ್ಲ" ಎಂದೆ.

"ರಾಜ ಕರೆದಾಗ ಹೋಗ್ದೆ ಇದ್ರೆ ಮರಿಯಾದೆ ಅಲ್ಲ ಮಾಮ. ಹೋದ್ರು, ಆದ್ರೆ ಅಲ್ಲೇ ಕೂತ್ಬಿಡ್ಲಿಲ್ಲ" ಎಂದಳು. ಅವಳು ಅವನನ್ನು ಅವರು, ಇವರು ಎಂದೇ ಹೇಳುವುದು. ನಾನು ಹಟಕ್ಕೆ ಬಿದ್ದು ಅವನು ಎನ್ನುತ್ತಿದ್ದೆ.

ನನ್ನ ಅವ್ವ ಗೋಡೆಗೆ ಒರಗಿ ಎಲೆಯಡಿಕೆ ಕುಟ್ಟುತ್ತಾ ಇದನ್ನೆಲ್ಲ ಕೇಳುತ್ತಿದ್ದಳು. ಕೆಲವು ವಾರ ಕೇಳಿದ ಮೇಲೆ ಒಂದು ಭಾನುವಾರ ನನ್ನನ್ನು ಹಿತ್ತಲಿಗೆ ಕರೆದಳು. "ಯಾರ್ಲಾ ಅವ್ನು? ಇವ್ಳು ಬಂದ್ರೆ ಸಾಕು ಅವ್ನ ಪೇಚ್ಚೇ ಆಗ್ಯದೆ. ಅವ್ನಿಗೆ ಪೊಂಡಾಟಿ ಮಕ್ಕಳು ಇಲ್ವಾ?" ಎಂದು ದನಿ ತಗ್ಗಿಸಿ ಕೇಳಿದಳು. ಪೇಚ್ಚು ಎಂದರೆ ಮಾತು, ಪೊಂಡಾಟಿ ಎಂದರೆ ಹೆಂಡತಿ, ನಮ್ಮ ಕನ್ನಡದಲ್ಲಿ ತಮಿಳು ಹೀಗೆ ಬೆರೆತುಹೋಗಿದೆ. ಕಾಲೇಜಿನಲ್ಲಿ ಸೊಸೆಯ ಜೊತೆ ಕೆಲಸ ಮಾಡುವವನು ಎಂದು ತಿಳಿದಿದ್ದಳು ಪಾಪ. ಅವನು ಸಂನ್ಯಾಸಿ, ಸತ್ತು ತುಂಬ ಕಾಲವಾಯಿತು ಎಂದೆ. ಅವ್ವನಿಗೆ ಸಮಾಧಾನವಾಯಿತು. ನನಗೆ ಆಗಲಿಲ್ಲ. ಬದುಕಿದ್ದವನಾಗಿದ್ದರೆ ಒಂದು ದಿನ ಹೋಗಿ ಮುಖ ನೋಡಬಹುದಿತ್ತು, ಹಲ್ಲು ಹುಳುಕೋ ತಲೆ ಬೋಳೋ ಎಂದು ತಿಳಿಯುತ್ತಿತ್ತು. ಸತ್ತವನಿಗೆ ವಯಸ್ಸಾಗುವುದಿಲ್ಲ, ಹೊಟ್ಟೆ ಬರುವುದಿಲ್ಲ, ಗೊರಕೆ ಇಲ್ಲ. ಸಂನ್ಯಾಸಿಗಳು ಆ ಕಾಲದಲ್ಲಿ ತಲೆಯ ಮುಂಭಾಗ ಬೋಳಿಸುತ್ತಿದ್ದರು ಎಂದು ಅವಳೇ ಒಮ್ಮೆ ಹೇಳಿದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಅವನು ಬರಿಯ ಮಾತಿನಲ್ಲಿ ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ನನ್ನ ತೋಟಕ್ಕೂ ಬಂದ. ಒಂದು ಸಲ ಚಪ್ಪರದ ಕೆಳಗೆ ಗೊಂಚಲಿಗೆ ಔಷಧಿ ಹೊಡೆಯುವವರು ಅರ್ಧ ಸಾಲು ಬಿಟ್ಟು ಹೋಗಿದ್ದರು, ನಾನು ಕೂಗಾಡುತ್ತಿದ್ದೆ. ಅವಳು ಬದುವಿನ ಮೇಲೆ ನಿಂತು ಕೇಳಿಸಿಕೊಂಡಳು. ಆಮೇಲೆ ದಾರಿಯಲ್ಲಿ ಕಥೆ ಶುರುವಾಯಿತು. ಕಡಲಾಚೆಯ ಇಂಗ್ಲೆಂಡಿನ ಉತ್ತರದ ರಾಜ ತನ್ನ ಜನಕ್ಕೆ ಒಬ್ಬ ಗುರು ಬೇಕೆಂದು ಇವರ ಮಠಕ್ಕೆ ಹೇಳಿ ಕಳಿಸಿದನಂತೆ. ಮೊದಲು ಹೋದವನು ಬಲು ಬಿಗಿ. ಆ ಜನ ಮೊಂಡರು, ಅವರಿಗೆ ಏನೂ ಹತ್ತುವುದಿಲ್ಲ ಎಂದು ವಾಪಸು ಬಂದು ಮಠದ ಸಭೆಯಲ್ಲಿ ದೂರು ಹೇಳಿದ. ಆಗ ನಮ್ಮ ಈ ಮಹಾನುಭಾವ ಮೂಲೆಯಲ್ಲಿ ಕೂತಿದ್ದವನು, ಅಣ್ಣಾ, ಎಳೆಕೂಸಿಗೆ ಮೊದಲು ಹಾಲು ಕೊಡಬೇಕಲ್ಲವೇ, ಗಟ್ಟಿ ಅನ್ನ ಆಮೇಲೆ ಎಂದನಂತೆ. ಎಲ್ಲರೂ ತಿರುಗಿ ಅವನ ಮುಖ ನೋಡಿದರು. ಅವನನ್ನೇ ಬಿಷಪ್ಪು ಮಾಡಿ ಕಳಿಸಿದರು.

ಅವಳ ಕಣ್ಣು ಹೊಳೆಯುತ್ತಿತ್ತು. ನನ್ನ ಮನಸ್ಸು ಮಾತ್ರ ಆ ಮೊದಲನೆಯವನ ಕಡೆ ಹೋಯಿತು. ಪಾಪ, ಅಷ್ಟು ದೂರ ಹೋಗಿ, ಭಾಷೆ ಬಾರದ ಜನರ ನಡುವೆ ಚಳಿಯಲ್ಲಿ ಸತ್ತು ಬದುಕಿ ಬಂದು ಕಷ್ಟ ಹೇಳಿಕೊಂಡರೆ, ಬೆಚ್ಚಗೆ ಕೂತಿದ್ದವನೊಬ್ಬ ಎಲ್ಲರೆದುರು ಬುದ್ಧಿ ಹೇಳುತ್ತಾನೆ. ಎಲ್ಲರೂ ಅವನ ಕಡೆ ತಿರುಗುತ್ತಾರೆ. ಆ ರಾತ್ರಿ ಆ ಮೊದಲನೆಯವನಿಗೆ ಊಟ ಇಳಿಯಿತೇ? ಅವನ ಹೆಸರನ್ನು ಸರಿಯಾಗಿ ಯಾರೂ ಬರೆದಿಟ್ಟಿಲ್ಲವಂತೆ. ನಾನು ಅವನ ಕಡೆಯವನು ಎಂದು ಅಲ್ಲೇ ತೀರ್ಮಾನ ಮಾಡಿದೆ.

ಅಲ್ಲಿಂದ ನಾನು ಬಿಷಪ್ಪಿನ ತಪ್ಪು ಹುಡುಕತೊಡಗಿದೆ. ಸಾಚಾ ಬಂಗಾರಕ್ಕೂ ಒಂದಿಷ್ಟು ತಾಮ್ರ ಬೆರೆತಿರಲೇಬೇಕು. ಅವಳು ಹೇಳಿದ್ದನ್ನೆಲ್ಲ ಕಿವಿಗೊಟ್ಟು ಕೇಳುತ್ತಿದ್ದೆ, ಮರುಪ್ರಶ್ನೆ ಹಾಕುತ್ತಿದ್ದೆ. ಅವನಿಗೆ ಆ ಜನರ ಭಾಷೆ ಸರಿಯಾಗಿ ಬರುತ್ತಿರಲಿಲ್ಲ, ರಾಜನೇ ಪಕ್ಕದಲ್ಲಿ ನಿಂತು ಅವನ ಮಾತನ್ನು ತಿರುಗಿಸಿ ಹೇಳುತ್ತಿದ್ದ ಎಂದು ತಿಳಿದಾಗ ಸಿಕ್ಕಿಬಿದ್ದ ಎಂದು ಕುಣಿದೆ. "ರಾಜನ್ನೇ ಆಳ್ ಮಾಡ್ಕೊಂಡ್ನಲ್ಲ!" ಎಂದೆ. ಅವಳು ನಕ್ಕು, "ಹೋದ ತಿಂಗ್ಳು ನಮ್ಮ ಕಾಲೇಜ್ ಫಂಕ್ಷನ್ನಲ್ಲಿ ಪ್ರಿನ್ಸಿಪಾಲ್ ಇಂಗ್ಲಿಷ್ನಲ್ಲಿ ಕೇಳಿದ್ದಕ್ಕೆಲ್ಲ ನಿಮ್ ಪರವಾಗಿ ಯಾರು ಮಾಮ ಉತ್ತರ ಹೇಳಿದ್ದು?" ಎಂದಳು. ಆ ದಾರಿ ಅಲ್ಲಿಗೆ ಮುಚ್ಚಿತು.

ಕೊನೆಗೂ ಒಂದು ಶನಿವಾರ ಅವನ ತಪ್ಪು ಸಿಕ್ಕಿತು. ಹಳೆಯ ರಾಜ ಸತ್ತು ಇನ್ನೊಬ್ಬ ಬಂದಿದ್ದ. ಅವನಿಗೂ ಈ ಬಿಷಪ್ಪಿನ ಮೇಲೆ ಪ್ರಾಣ. ನಡೆದು ನಡೆದು ಸವೆಯುತ್ತಾನೆ, ಹೊಳೆ ದಾಟುವಾಗಲಾದರೂ ಆಗಲಿ ಎಂದು ತನ್ನ ಲಾಯದ ಒಳ್ಳೆಯ ಕುದುರೆಯನ್ನು ಜೀನು ಸಮೇತ ಕೊಟ್ಟ. ಬಿಷಪ್ಪು ಹೊರಟ, ದಾರಿಯಲ್ಲಿ ಒಬ್ಬ ಭಿಕ್ಷುಕ ಕೈ ಚಾಚಿದ. ಇವನು ಇಳಿದು ಕುದುರೆಯನ್ನೇ ಕೊಟ್ಟುಬಿಟ್ಟ. ಅವಳು ಇದನ್ನು ಹೇಳಿ, ಈಗ ನಾನು ಕೈಮುಗಿಯುತ್ತೇನೆ ಎಂಬಂತೆ ನನ್ನ ಮುಖ ನೋಡಿದಳು.

ನಾನು ಎದ್ದು ನಿಂತೆ. ನನಗೆ ನಿಜವಾಗಿಯೂ ಸಿಟ್ಟು ಬಂದಿತ್ತು. ಯಾಕೆಂದು ತಿಳಿಯಬೇಕಾದರೆ ನಮ್ಮ ಜನರ ದೇವರ ಹಟ್ಟಿಯ ವಿಷಯ ಹೇಳಬೇಕು. ಅಲ್ಲಿ ಮೂರ್ತಿಯಿಲ್ಲ, ದನಗಳೇ ದೇವರು. ಹಿಂಡಿಗೆ ಒಂದು ಪಟ್ಟದ ಹೋರಿ. ಹರಕೆ ಹೊತ್ತವರು ಕರು ತಂದು ಹಟ್ಟಿಗೆ ಬಿಡುತ್ತಾರೆ. ಬಿಟ್ಟ ಮೇಲೆ ಅದನ್ನು ಯಾರೂ ನೊಗಕ್ಕೆ ಕಟ್ಟುವುದಿಲ್ಲ, ಮಾರುವುದಿಲ್ಲ, ಹಾಲು ಕರೆದು ಮನೆಗೆ ಒಯ್ಯುವುದಿಲ್ಲ. ಇನ್ನೊಬ್ಬರಿಗೆ ದಾನ ಕೊಡುವುದಂತೂ ಕೇಳಿಯೇ ಇಲ್ಲ. ಹಟ್ಟಿಯ ಪೂಜಾರಿಗೂ ಆ ಹಕ್ಕಿಲ್ಲ, ಅವನು ಕಾಯುವವನು ಅಷ್ಟೇ. ನಾನು ಚಿಕ್ಕವನಿದ್ದಾಗ ಕಾಮಾಲೆಯಾಗಿ ಉಳಿಯುವುದಿಲ್ಲ ಎಂದಾಗ ಅಪ್ಪ ಮನೆಯ ಚೊಚ್ಚಲ ಕಡಸನ್ನು ಬಿಟ್ಟಿದ್ದ. ಆಮೇಲೆ ಹಟ್ಟಿಗೆ ಹೋದಾಗಲೆಲ್ಲ ದೂರದಿಂದ ಅದನ್ನು ನೋಡಿ ಕೈಮುಗಿಯುತ್ತಿದ್ದನೇ ಹೊರತು ಮೈ ಸವರಿದ್ದನ್ನು ನಾನು ನೋಡಿಲ್ಲ.

"ದೇವ್ರಿಗೆ ಅಂತ ಬಿಟ್ಟ ಮೇಲೆ ಅದು ದೇವ್ರದ್ದು. ಇವ್ನು ಪೂಜಾರಿ. ಪೂಜಾರಿ ಹೋಗಿ ಹಟ್ಟಿ ದನಾನ ದಾರೀಲಿ ಹೋಗೋನಿಗೆ ಹಿಡ್ಕೊಟ್ಟಂಗಾಯ್ತು. ನಮ್ಮೂರಾಗಿದ್ರೆ ಪಂಚಾಯ್ತಿ ಸೇರ್ಸಿ ಕೇಳೋರು. ನಿನ್ ಸಾಮಿ ಮಾಡಿದ್ದು ಪಾಪ ಪುಳ್ಳ, ಪಾಪ!" ಎಂದು ತೊಡೆ ತಟ್ಟಿದೆ. ಪುಳ್ಳ ಎಂದರೆ ನಮ್ಮ ಕಡೆ ಹೆಂಡತಿಯನ್ನು ಸಲಿಗೆಯಿಂದ ಕರೆಯುವ ಮಾತು.

ಅವ್ವ ಕುಟ್ಟುವುದನ್ನು ನಿಲ್ಲಿಸಿ, "ಆಮಾ, ತಪ್ಪೇ ಅದು" ಎಂದು ಹೌದೆನ್ನುವಂತೆ ತಲೆಯಾಡಿಸಿದಳು.

ಮದುವೆಯಾದಂದಿನಿಂದ ನಾನು ಹೆಂಡತಿಯ ಬಾಯಿ ಕಟ್ಟಿಸಿದ್ದು ಅದೇ ಮೊದಲು. ನನ್ನ ಎದೆ ಹಿಗ್ಗಿತು. ಆಮೇಲೆ ಮೆಲ್ಲಗೆ, "ಮಾಮ, ಇನ್ನೊಂದ್ ಸಲ ಹೇಳಿ, ಕೊಂಜ ನಿಧಾನಕ್ಕೆ" ಎಂದು ಪೆನ್ನು ತೆಗೆದಳು. ಸೋತವಳು ಸೋಲನ್ನು ಬರೆದುಕೊಳ್ಳುತ್ತಿದ್ದಾಳೆ ಎಂದುಕೊಂಡು ಹಟ್ಟಿಯ ಕಟ್ಟಳೆಯನ್ನೆಲ್ಲ ಒಂದೂ ಬಿಡದೆ ಹೇಳಿದೆ. ಅಪ್ಪನ ಕಡಸಿನ ಕಥೆಯನ್ನೂ ಹೇಳಿದೆ.

ಮುಂದಿನ ಶನಿವಾರ ಬಸ್ಸಿಳಿಯುವಾಗಲೇ ಅವಳ ಮುಖ ಅರಳಿತ್ತು. ಗೈಡಿಗೆ ನನ್ನ ಮಾತು ಬಹಳ ಹಿಡಿಸಿತಂತೆ. ರಾಜನಿಗೂ ಇದೇ ಸಿಟ್ಟು ಬಂದಿತ್ತಂತೆ, ಊಟದ ಹೊತ್ತಿನಲ್ಲಿ ಬಿಷಪ್ಪನ್ನು ಕೇಳಿಯೂ ಕೇಳಿದನಂತೆ. ಹೆಣ್ಣುಕುದುರೆಯ ಮರಿ ದೊಡ್ಡದೋ ದೇವರ ಮರಿಯಾದ ಆ ಭಿಕ್ಷುಕ ದೊಡ್ಡವನೋ ಎಂದು ಬಿಷಪ್ಪು ತಿರುಗಿಸಿ ಕೇಳಿದ. ರಾಜ ಬೆಂಕಿಯ ಮುಂದೆ ಚಳಿ ಕಾಯಿಸುತ್ತಾ ನಿಂತಿದ್ದವನು ಕತ್ತಿ ಬಿಚ್ಚಿಟ್ಟು ಬಂದು ಅವನ ಕಾಲಿಗೆ ಬಿದ್ದನಂತೆ.

"ನೀವು ಹಟ್ಟಿ ಅಂದ್ರಲ್ಲ ಮಾಮ, ಆಗ್ಲೇ ನಂಗೆ ತಿಳೀತು. ಅವ್ರ ಹಟ್ಟೀಲಿ ದೇವ್ರು ದನ ಅಲ್ಲ, ಕೈ ಚಾಚಿದ ಆ ಪಿಚ್ಚೆಕಾರ. ಕುದ್ರೆ ಹಟ್ಟಿಗೇ ಹೋಯ್ತು" ಎಂದಳು. ಇದರ ಮೇಲೆ ಒಂದು ಹೊಸ ಅಧ್ಯಾಯ ಬರೆಯಬೇಕಂತೆ. ಅದಕ್ಕೆ ಇನ್ನೊಂದು ವರ್ಷ ಬೇಕಂತೆ.

ಕೈಯಾರೆ ಕೊಡಲಿ ತಂದು ಕಾಲ ಮೇಲೆ ಹಾಕಿಕೊಂಡವನು ನಾನು. ಅವನನ್ನು ಕೆಡವಲು ಹೋಗಿ ಅವನಿಗೆ ನಮ್ಮ ಮನೆಯಲ್ಲಿ ಇನ್ನೊಂದು ವರ್ಷ ಊಟ ಹಾಕಿಸಿದೆ. ನನ್ನಪ್ಪನ ಕಡಸನ್ನೂ ಅವನೇ ಹೊಡೆದುಕೊಂಡು ಹೋದ. ಭಾನುವಾರವೆಲ್ಲ ಅವಳ ಮೇಲೆ ಮುನಿಸಿಕೊಂಡು ತೋಟದಲ್ಲೇ ಇದ್ದೆ. ಸೋಮವಾರ ಬಸ್ ನಿಲ್ದಾಣಕ್ಕೆ ಬಿಡಲು ಗಾಡಿ ತೆಗೆದರೆ, ನಡೆದೇ ಹೋಗುತ್ತೇನೆ ಎಂದು ಚೀಲ ಹೆಗಲಿಗೆ ಹಾಕಿಕೊಂಡಳು. ಅದನ್ನೂ ಅವನಿಂದಲೇ ಕಲಿತದ್ದು.

ಆ ವರ್ಷವೂ ಕಳೆಯಿತು. ಬರೆಯಬೇಕಾದದ್ದು ಒಂದೇ ಅಧ್ಯಾಯ ಉಳಿಯಿತು, ಅವನ ಸಾವು. ಅದು ಮುಗಿದರೆ ಪುಸ್ತಕ ಮುಗಿಯಿತು, ಪುಸ್ತಕ ಮುಗಿದರೆ ಹೆಂಡತಿ ಮನೆಗೆ. ಬೇರೆ ಯಾವ ಸಾವಿಗೂ ನಾನು ಅಷ್ಟು ಕಾದದ್ದಿಲ್ಲ. ಫೋನು ಮಾಡಿದಾಗಲೆಲ್ಲ, "ಸತ್ನಾ?" ಎಂದು ಕೇಳುತ್ತಿದ್ದೆ. "ಇನ್ನೂ ಇಲ್ಲ" ಎನ್ನುತ್ತಿದ್ದಳು. ಆಷಾಢದ, ನಮ್ಮ ಕಡೆಯ ಆಡಿ ತಿಂಗಳ ಗಾಳಿ ಘಟ್ಟದ ಸಂದಿನಿಂದ ನುಗ್ಗಿ ಚಪ್ಪರವನ್ನೆಲ್ಲ ಅಲ್ಲಾಡಿಸಿ ಹೋಯಿತು, ಅವನು ಸಾಯಲಿಲ್ಲ. ದೀಪಾವಳಿಗೆ ಮಗಳು ಅಳಿಯ ಬಂದು ಹೋದರು, ಸಾಯಲಿಲ್ಲ. ಇನ್ನೊಂದು ಪುಸ್ತಕ ನೋಡಬೇಕು, ಇನ್ನೊಂದು ಸಲ ತಿದ್ದಬೇಕು ಎಂದು ಅವಳೇ ಅವನನ್ನು ಉಳಿಸಿಕೊಳ್ಳುತ್ತಿದ್ದಾಳೆ ಎಂದು ನನಗೆ ಅನುಮಾನ ಬಂತು. ಆ ಅನುಮಾನದ ಹಿಂದೆ ಇನ್ನೊಂದು ಇತ್ತು. ಅವಳಿಗೆ ಮನೆಗೆ ಬರಲು ಮನಸ್ಸಿಲ್ಲವೇನೋ.

ಅದು ತಲೆಗೆ ಹೊಕ್ಕ ಮೇಲೆ ತೋಟದಲ್ಲಿ ನಿಲ್ಲಲಾಗಲಿಲ್ಲ. ಒಂದು ಬುಧವಾರ, ಹೇಳದೆ ಕೇಳದೆ, ಒಂದು ಬುಟ್ಟಿ ಪನ್ನೀರು ದ್ರಾಕ್ಷಿ ಹಿಡಿದು ದಿಂಡಿಗಲ್ಲಿಗೆ ಹೋದೆ. ಬೀದಿಯಲ್ಲಿ ಬೀಗಕ್ಕೆ ಅರ ಉಜ್ಜುವ ಸದ್ದು, ಗಾಳಿಗೆ ಎಲ್ಲೋ ತೊಗಲು ಹದ ಮಾಡುವ ವಾಸನೆ. ಮಹಡಿ ಹತ್ತಿ ಬಾಗಿಲು ತಳ್ಳಿದರೆ ಅವಳು ಮೇಜಿನ ಮುಂದೆ ಕೂತು ಅಳುತ್ತಿದ್ದಳು. ಸುಮ್ಮನೆ ಕಣ್ಣೀರು ಅಲ್ಲ. ಸೆರಗು ಬಾಯಿಗೆ ಒತ್ತಿಕೊಂಡು, ಹೆಗಲು ಕುಲುಕಿಸಿ, ತಾಯಿ ಸತ್ತವಳ ಹಾಗೆ ಅಳುತ್ತಿದ್ದಳು. ನಿಲಕ್ಕೋಟ್ಟೈಯಲ್ಲಿ ಮಾವನಿಗೆ ಏನಾದರೂ ಆಯಿತೇ ಎಂದುಕೊಂಡೆ.

"ಯಾರಿಗೇನಾಯ್ತು?" ಎಂದು ಕೂಗಿದೆ.

"ಅವ್ರು ಹೋಗ್ಬಿಟ್ರು ಮಾಮ" ಎಂದಳು.

ಅರ್ಥವಾಗಲು ಕೊಂಚ ಹೊತ್ತು ಬೇಕಾಯಿತು. ಬಿಷಪ್ಪಿಗೆ ಪ್ರಿಯನಾಗಿದ್ದ, ಕುದುರೆ ಕೊಟ್ಟ ಆ ರಾಜನನ್ನು ಮೋಸದಿಂದ ಕೊಂದರಂತೆ. ಅದಾದ ಕೆಲವೇ ದಿನಕ್ಕೆ ಬಿಷಪ್ಪು ಹಾಸಿಗೆ ಹಿಡಿದ. ಚರ್ಚಿನ ಗೋಡೆಗೆ ಒತ್ತಿ ಒಂದು ಬಟ್ಟೆಯ ಗುಡಾರ ಕಟ್ಟಿಕೊಟ್ಟಿದ್ದರು. ಗೋಡೆಗೆ ಆನಿಸಿ ನಿಲ್ಲಿಸಿದ್ದ ಮರದ ಕಂಬಕ್ಕೆ ಒರಗಿಕೊಂಡೇ ಪ್ರಾಣ ಬಿಟ್ಟ. ಹೇಳುತ್ತಾ ಹೇಳುತ್ತಾ ಅವಳಿಗೆ ಮತ್ತೆ ದುಃಖ ಉಕ್ಕಿತು. ಅಂತೂ ಸತ್ತ ಎಂದು ನಾನು ಕುಣಿಯಬೇಕಿತ್ತು. ಬುಟ್ಟಿಯನ್ನು ನೆಲಕ್ಕೆ ಕುಕ್ಕಿದೆ, ನಾಲ್ಕು ಗೊಂಚಲು ಉರುಳಿಹೋದವು.

"ನಂಗೆ ಡೆಂಗಿ ಆಗಿ ತೇನಿ ಆಸ್ಪತ್ರೇಲಿ ಬಿದ್ದಿದ್ದಾಗ ನೀನು ಒಂದ್ ತೊಟ್ಟು ಕಣ್ಣೀರು ಹಾಕ್ಲಿಲ್ಲ. ಡಾಕ್ಟ್ರು ಕೈಬಿಟ್ಟಂಗೆ ಮಾತಾಡಿದ್ರು. ಆಗ್ಲೂ ನೀನು ಕಲ್ಲಿನಂಗೆ ನಿಂತಿದ್ದೆ. ಎಲ್ರೂ ಧೈರ್ಯಗಾತಿ ಅಂದ್ರು. ನಾನೂ ಹಂಗೇ ಅಂದ್ಕೊಂಡಿದ್ದೆ. ಇವತ್ತು ಈ ಸತ್ತೋನಿಗೆ ಇಷ್ಟು ಅಳ್ತೀಯಾ?" ಎಂದೆ. ನನ್ನ ದನಿ ಕೆಳಗಿನ ಅರದ ಸದ್ದನ್ನೂ ನಿಲ್ಲಿಸಿತು.

ಅವಳು ಕಣ್ಣೊರೆಸಿಕೊಂಡು ನನ್ನನ್ನೇ ನೋಡಿದಳು. ಸಿಟ್ಟಿರಲಿಲ್ಲ. "ನಿಮ್ಗೆ ಕಂಜಿ ಕಾಸ್ಬೇಕಾಗಿತ್ತು, ರತ್ತ ಕೊಡೋರ್ನ ಹುಡುಕ್ಬೇಕಾಗಿತ್ತು, ಅತ್ತೇನ ಸಮಾಧಾನ ಮಾಡ್ಬೇಕಾಗಿತ್ತು. ಅಳೋಕೆ ಎಲ್ಲಿತ್ತು ಮಾಮ ಹೊತ್ತು? ಇವ್ರಿಗೆ ನಾನೇನ್ ಮಾಡೋಕಾಯ್ತದೆ? ಒಂದ್ ಲೋಟ ನೀರು ಕೊಡೋಕೂ ಆಗಲ್ಲ. ಅಳೋದೊಂದೇ" ಎಂದಳು. ಕಂಜಿ ಎಂದರೆ ನಮ್ಮ ಮಾತಿನಲ್ಲಿ ಗಂಜಿ, ರತ್ತ ಎಂದರೆ ನೆತ್ತರು.

ನೆಲದ ಮೇಲೆ ಬಿದ್ದ ಗೊಂಚಲುಗಳನ್ನು ಆರಿಸಿ ತೊಳೆದು ತಟ್ಟೆಯಲ್ಲಿಟ್ಟೆ. ಅವಳು ಎರಡು ಹಣ್ಣು ತಿಂದಳು. ನನ್ನ ಜೀವ ಉಳಿಸಿದವಳ ಮೇಲೆ ನಾನು ಹೀಗೆ ಮುನಿಸಿಕೊಳ್ಳಬಾರದು, ಅದು ನನಗೂ ತಿಳಿಯುತ್ತದೆ. ಆದರೂ ಹೇಳುತ್ತೇನೆ, ಕಂಜಿ ಕುಡಿದವನಿಗೆ ಕಣ್ಣೀರಿನ ಮೇಲೆ ಆಸೆ ಹೋಗುವುದಿಲ್ಲ.

ಅವಳು ಮಾತಿಗೆ ತಪ್ಪಲಿಲ್ಲ. ಪುಸ್ತಕ ಒಪ್ಪಿಸಿದಳು, ಪರೀಕ್ಷೆಗೆ ಬಂದವರು ಬಲು ಹೊಗಳಿದರು, ಕಣಿವೆಯ ಕಾಲೇಜಿನಲ್ಲಿ ಕೆಲಸವೂ ಸಿಕ್ಕಿತು. ಪೋರ್ಷನ್ನು ಖಾಲಿ ಮಾಡಿ ಮೇಜು, ಪುಸ್ತಕದ ಮೂಟೆ, ಪಾತ್ರೆ ಎಲ್ಲವನ್ನೂ ನಮ್ಮದೇ ಟೆಂಪೋದಲ್ಲಿ ತಂದೆವು. ಮೇಜನ್ನು ಕಿಟಕಿಯ ಪಕ್ಕ ಹಾಕಿಕೊಟ್ಟೆ. ಅದರ ಮೇಲೆ ಈಗ ಮಕ್ಕಳ ಉತ್ತರಪತ್ರಿಕೆ, ಒಗೆದ ಬಟ್ಟೆ, ಅವ್ವನ ಔಷಧಿ. ದಿನಾ ಸಂಜೆ ಅವಳು ಮನೆಯಲ್ಲಿರುತ್ತಾಳೆ. ನಾನು ಬೇಡಿದ್ದು ಇದನ್ನೇ, ಇದಕ್ಕಿಂತ ಒಂದು ಎಳ್ಳಿನಷ್ಟು ಹೆಚ್ಚಲ್ಲ.

ಊಟಕ್ಕೆ ಕೂತಾಗ ಅವಳು ಬಡಿಸುತ್ತಾಳೆ, ಉಣ್ಣುತ್ತಾಳೆ, ಕೇಳಿದ್ದಕ್ಕೆ ಉತ್ತರ ಹೇಳುತ್ತಾಳೆ. ಬಿಷಪ್ಪಿನ ಮಾತು ಎತ್ತುವುದಿಲ್ಲ. ಒಂದೊಂದು ಸಲ ತುತ್ತು ಕೈಯಲ್ಲೇ ಇರುತ್ತದೆ, ಕಣ್ಣು ಬಾಗಿಲಾಚೆ ಎಲ್ಲೋ ಹೋಗಿರುತ್ತದೆ. ಘಟ್ಟದ ಕಡೆಗೋ ದಿಂಡಿಗಲ್ಲಿನ ಕಡೆಗೋ ನನಗೆ ತಿಳಿಯುವುದಿಲ್ಲ.

"ಏನ್ ಯೋಚ್ನೆ ಪುಳ್ಳ?" ಎನ್ನುತ್ತೇನೆ.

"ಏನೂ ಇಲ್ಲ ಮಾಮ" ಎನ್ನುತ್ತಾಳೆ.

ಅವನಿದ್ದಾಗ ಎಲ್ಲವನ್ನೂ ನನಗೆ ಹೇಳುತ್ತಿದ್ದಳು. ಅವನು ಎಷ್ಟು ತುತ್ತು ತಿಂದ, ಯಾವ ಹೊಳೆ ದಾಟಿದ, ಯಾರ ಜೊತೆ ನಿಂತು ಮಾತಾಡಿದ ಎಂದು. ಹಗೆಯ ಊರು ಕೇರಿ ನನಗೆ ಗೊತ್ತಿತ್ತು, ಜಗಳಕ್ಕೆ ದಾರಿ ಇತ್ತು. ಈಗ ಅವಳು ಯಾರ ಜೊತೆ ಕೂತಿರುತ್ತಾಳೋ, ಅವನು ಯಾವ ಊರಿನವನೋ ಹೇಳುವುದಿಲ್ಲ. ನಿನ್ನೆ ಮತ್ತೆ ಕೇಳಿದೆ, ಅದೇ ಉತ್ತರ ಬಂತು. ತಟ್ಟೆ ತೊಳೆಯಲು ಅವಳು ಎದ್ದು ಒಳಗೆ ಹೋದಳು, ನಾನು ಬಾಗಿಲಾಚೆ ನೋಡುತ್ತಾ ಕೂತೆ, ಅಲ್ಲಿ ಯಾರೂ ಇರಲಿಲ್ಲ.